ಸ್ಕ್ರೀನ್ ಸರಿ ತೋರಿಸ್ತು, ಪೀಸ್ ತಪ್ಪಾಗಿ ಬಂತು: ಸ್ಟೆಪ್ಪರ್ ಮೋಟಾರ್‌ಗೆ ಡ್ರೈವ್, ಸಪ್ಲೈ ಆರಿಸುವ ಲೆಕ್ಕ

ಬಸವೇಶ್ವರನಗರದಿಂದ ಮಾತಾಡ್ತಾ ಇದ್ದೀನಿ. ಹಿಂದೆ ಗರಗರ ಸದ್ದು ಕೇಳಿಸಿದ್ರೆ ಗಾಬರಿ ಆಗ್ಬೇಡಿ. ನಾನು ಕೂತಿರೋ ಜಾಗದಿಂದ ಕಾಮಾಕ್ಷಿಪಾಳ್ಯದ ಶೆಡ್‌ಗಳು ದೂರ ಇಲ್ಲ. ಬೆಳಗ್ಗೆ ಲೇತ್‌ಗಳು ಶುರುವಾದ್ರೆ ನಮ್ಮ ಏರಿಯಾಕ್ಕೆ ಅದೇ ಅಲಾರಂ.

ಇವತ್ತಿನ ವಿಷಯ ಸ್ವಲ್ಪ ಟೆಕ್ನಿಕಲ್. ಹಳೇ ಮಿಲ್ಲಿಂಗ್ ಮೆಷಿನ್ನನ್ನೋ ಲೇತನ್ನೋ ಸಿಎನ್‌ಸಿ ಮಾಡೋವಾಗ ಸ್ಟೆಪ್ಪರ್ ಮೋಟಾರ್ ಹಾಕ್ತಾರಲ್ಲ, ಅದಕ್ಕೆ ಡ್ರೈವ್ ಯಾವುದು, ಪವರ್ ಸಪ್ಲೈ ಎಷ್ಟರದ್ದು ಅಂತ ಆರಿಸೋದು ಹೇಗೆ? ನಾನು ಓದಿದ್ದು ಬಿಕಾಂ. ಇಂಜಿನಿಯರ್ ಅಲ್ಲ. ಆದ್ರೆ ಈ ವಿಷಯದಲ್ಲಿ ನಮ್ಮ ಮನೆಯವರ ದುಡ್ಡು ಹೋಗಿದೆ. ಹೋದ ದುಡ್ಡಿನ ಲೆಕ್ಕ ಬರೆಯೋಕೆ ಕೂತವನು ನಾನೇ. ಹಾಗಾಗಿ ಕಲಿಯಲೇಬೇಕಾಯ್ತು.

ನಮ್ಮ ಚಿಕ್ಕಪ್ಪಂದು ಒಂದು ಚಿಕ್ಕ ಶೆಡ್. ಮೂರು ಮೆಷಿನ್, ಇಬ್ಬರು ಹುಡುಗರು, ಜಾಬ್ ವರ್ಕ್. ಅದರಲ್ಲಿ ಒಂದು ಹಳೇ ಎಚ್‌ಎಂಟಿ ಮಿಲ್ಲಿಂಗ್ ಮೆಷಿನ್. ಎಚ್‌ಎಂಟಿ ಅಂದ್ರೆ ನಮ್ಮಲ್ಲಿ ಬಹಳ ಜನಕ್ಕೆ ವಾಚ್ ನೆನಪಾಗುತ್ತೆ. ಆದ್ರೆ ಹೆಸರೇ ಹಿಂದೂಸ್ಥಾನ್ ಮೆಷಿನ್ ಟೂಲ್ಸ್. 1953ರಲ್ಲಿ ಬೆಂಗಳೂರಲ್ಲಿ ಶುರುವಾಗಿದ್ದು ಮೆಷಿನ್ ಮಾಡೋಕೆ, ವಾಚ್ ಬಂದಿದ್ದು ಆಮೇಲೆ. ಆ ಕಾಲದ ಎರಕದ ಬಾಡಿ ಇವತ್ತಿಗೂ ಅಲುಗಾಡಲ್ಲ. ಪೀಣ್ಯ, ರಾಜಾಜಿನಗರ, ಸುಂಕದಕಟ್ಟೆ, ಎಲ್ಲಿ ಹೋದ್ರೂ ಇಂಥ ಮೆಷಿನ್‌ಗಳು ಇನ್ನೂ ದುಡೀತಾ ಇವೆ. ಹೊಸ ಸಿಎನ್‌ಸಿ ಮಿಲ್ಲಿಂಗ್ ಸೆಂಟರ್ ತಗೊಳ್ಳೋಕೆ ಹೋದ್ರೆ ಬ್ಯಾಂಕ್ ಲೋನ್, ಇಎಂಐ ಅಂತ ಲಕ್ಷಗಳ ಮಾತು. ಹಳೇ ಮೆಷಿನ್‌ಗೇ ಬಾಲ್‌ಸ್ಕ್ರೂ, ಮೋಟಾರ್, ಕಂಟ್ರೋಲರ್ ಹಾಕಿಸಿದ್ರೆ ಅದರ ಒಂದು ಪಾಲಲ್ಲಿ ಕೆಲಸ ಆಗುತ್ತೆ ಅನ್ನೋದು ಚಿಕ್ಕಪ್ಪನ ಲೆಕ್ಕ. ಲೆಕ್ಕ ತಪ್ಪಲ್ಲ. ತಪ್ಪಾಗಿದ್ದು ಬೇರೆ ಕಡೆ.

ಆಯುಧಪೂಜೆ ಹೊತ್ತಿಗೆ ಮೆಷಿನ್ ರೆಡಿ ಆಯ್ತು. ಕುಂಕುಮ ಹಚ್ಚಿ, ಬೂದುಗುಂಬಳ ಒಡೆದು ಸ್ವಿಚ್ ಹಾಕಿದ್ವಿ. ಟೇಬಲ್ ತಾನಾಗೇ ಆ ಕಡೆ ಈ ಕಡೆ ಓಡಾಡ್ತಾ ಇದ್ರೆ ಎಲ್ಲರ ಮುಖದಲ್ಲೂ ನಗು. ಮುಂದಿನ ವಾರ ನಲವತ್ತು ಅಲ್ಯೂಮಿನಿಯಂ ಪ್ಲೇಟ್‌ಗಳ ಆರ್ಡರ್ ಹಾಕಿದ್ರು. ಮೊದಲ ಕೆಲವು ಪೀಸ್ ಚೆನ್ನಾಗಿ ಬಂತು. ಬೇಗ ಮುಗಿಸೋಣ ಅಂತ ಸ್ಪೀಡ್ ಏರಿಸಿದ್ರು. ಕಸ್ಟಮರ್ ಹತ್ರ ಹೋದ ಮೇಲೆ ಗೊತ್ತಾಯ್ತು, ಹನ್ನೊಂದು ಪೀಸ್‌ಗಳಲ್ಲಿ ತೂತುಗಳು ಅರ್ಧ ಮಿಲಿಮೀಟರ್‌ಗಿಂತ ಜಾಸ್ತಿ ಪಕ್ಕಕ್ಕೆ ಹೋಗಿವೆ. ಸ್ಕ್ರೀನ್ ಮೇಲೆ ಮಾತ್ರ ಎಲ್ಲಾ ನಂಬರ್ ಕರೆಕ್ಟ್!

ಚಿಕ್ಕಪ್ಪ ನನ್ನ ಕೇಳಿದ್ರು, "ಏನೋ ಮಗಾ, ಸ್ಕ್ರೀನೇ ಸುಳ್ಳು ಹೇಳುತ್ತಾ?"

ಹೌದು, ಹೇಳುತ್ತೆ. ಇದನ್ನ ಮೊದಲು ಅರ್ಥ ಮಾಡ್ಕೊಳ್ಳಿ. ಸಾಮಾನ್ಯ ಸ್ಟೆಪ್ಪರ್ ಮೋಟಾರ್ ಒಂದು ಸುತ್ತಿಗೆ 200 ಹೆಜ್ಜೆ ಹಾಕುತ್ತೆ, ಒಂದೊಂದು ಹೆಜ್ಜೆ 1.8 ಡಿಗ್ರಿ. ಕಂಟ್ರೋಲರ್ "ಸಾವಿರ ಹೆಜ್ಜೆ ಹಾಕು" ಅಂತ ಪಲ್ಸ್ ಕಳಿಸುತ್ತೆ. ಮೋಟಾರ್ ಸಾವಿರ ಹಾಕ್ತೋ, 980 ಹಾಕಿ ಸುಸ್ತಾಯ್ತೋ ಅಂತ ಅದು ತಿರುಗಿ ನೋಡಲ್ಲ. ತಾನು ಕಳಿಸಿದ್ದನ್ನೇ ಸ್ಕ್ರೀನ್‌ನಲ್ಲಿ ತೋರಿಸುತ್ತೆ. ಇದಕ್ಕೆ ಓಪನ್ ಲೂಪ್ ಅಂತಾರೆ. ಅಂದ್ರೆ ಮೋಟಾರ್ ಹೆಜ್ಜೆ ತಪ್ಪದ ಹಾಗೆ ನೋಡ್ಕೊಳ್ಳೋ ಜವಾಬ್ದಾರಿ ಪೂರ್ತಿ ಡ್ರೈವ್ ಮತ್ತು ಸಪ್ಲೈ ಆರಿಸಿದವರ ಮೇಲೆ. ಅಲ್ಲಿ ಉಳಿಸಿದ ಎರಡು ಸಾವಿರ ರೂಪಾಯಿ ರಿಜೆಕ್ಟ್ ಆದ ಪೀಸ್‌ಗಳ ರೂಪದಲ್ಲಿ ಬಡ್ಡಿ ಸಮೇತ ಹೋಗುತ್ತೆ.

ನಾನು ಶೆಡ್‌ಗೆ ಹೋಗಿ ನೋಡಿದೆ. ಮೋಟಾರ್ ದಪ್ಪದ್ದು, ನೆಮಾ 34. ಇಲ್ಲೇ ಒಂದು ಮಾತು: ನೆಮಾ 23, ನೆಮಾ 34 ಅನ್ನೋದು ಶಕ್ತಿಯ ಅಳತೆ ಅಲ್ಲ, ಮುಂದಿನ ಚೌಕದ ಸೈಜ್. 2.3 ಇಂಚು, 3.4 ಇಂಚು ಅಷ್ಟೇ. ಮೋಟಾರ್ ಲೇಬಲ್, ಡೇಟಾಶೀಟ್ ಎರಡೂ ನೋಡಿದಾಗ ಸಿಕ್ಕಿದ್ದು: ಕರೆಂಟ್ 6 ಆಂಪಿಯರ್, ಇಂಡಕ್ಟೆನ್ಸ್ 4 ಮಿಲಿಹೆನ್ರಿ. ಇನ್ನು ಡ್ರೈವ್ ನೋಡಿದ್ರೆ 5.6 ಆಂಪ್, 50 ವೋಲ್ಟ್ ತನಕ. ಪವರ್ ಸಪ್ಲೈ 36 ವೋಲ್ಟ್ ಎಸ್‌ಎಂಪಿಎಸ್. ಕಿಟ್ ಮಾರಿದವರು "ಇದೇ ಸಾಕು ಸಾರ್, ಎಲ್ಲರೂ ಇದನ್ನೇ ಹಾಕ್ತಾರೆ" ಅಂದಿದ್ರಂತೆ.

ಸಾಕಾ? ಇದನ್ನ ಅರ್ಥ ಮಾಡ್ಕೊಳ್ಳೋಕೆ ನನಗೆ ಸಿಟಿ ಬಸ್ ಉದಾಹರಣೆ ಸಹಾಯ ಮಾಡ್ತು. ಮೋಟಾರ್ ಒಳಗಿನ ಕಾಯಿಲ್ ಒಂದು ಬಸ್ ಅಂದ್ಕೊಳ್ಳಿ. ಕರೆಂಟ್ ಅಂದ್ರೆ ಹತ್ತೋ ಜನ. ಜನ ತುಂಬಿದಷ್ಟೂ ಮೋಟಾರ್‌ಗೆ ಬಲ ಜಾಸ್ತಿ, ಅದಕ್ಕೆ ಟಾರ್ಕ್ ಅಂತೀವಿ. ಕಾಯಿಲ್‌ಗೆ ಇಂಡಕ್ಟೆನ್ಸ್ ಇರೋದ್ರಿಂದ ಕರೆಂಟ್ ಒಂದೇ ಸಲ ಒಳಗೆ ನುಗ್ಗಲ್ಲ, ನಿಧಾನಕ್ಕೆ ಏರುತ್ತೆ. ವೋಲ್ಟೇಜ್ ಅಂದ್ರೆ ಬಾಗಿಲಿನ ಅಗಲ. ಬಸ್ ಸ್ಟಾಪ್‌ನಲ್ಲಿ ಐದು ನಿಮಿಷ ನಿಂತ್ರೆ ಚಿಕ್ಕ ಬಾಗಿಲಾದ್ರೂ ಎಲ್ಲರೂ ಹತ್ತಬಹುದು. ಐದೇ ಸೆಕೆಂಡ್ ನಿಂತ್ರೆ? ಅರ್ಧ ಜನ ಕೆಳಗೇ ಉಳೀತಾರೆ. ಮೋಟಾರ್ ನಿಧಾನಕ್ಕೆ ತಿರುಗುವಾಗ 36 ವೋಲ್ಟ್ ಸಾಕು. ಜೋರಾಗಿ ತಿರುಗುವಾಗ ಕಾಯಿಲ್ ತುಂಬೋಕೆ ಮೊದಲೇ ಮುಂದಿನ ಹೆಜ್ಜೆ ಬಂದುಬಿಡುತ್ತೆ. ಬಲ ಕಮ್ಮಿ ಆಗುತ್ತೆ, ಹೆಜ್ಜೆ ತಪ್ಪುತ್ತೆ.

ಈಗ ನಂಬರ್ ಹಾಕೋಣ. ಬಾಲ್‌ಸ್ಕ್ರೂ ಒಂದು ಸುತ್ತಿಗೆ 5 ಮಿಲಿಮೀಟರ್ ಮುಂದೆ ಹೋಗುತ್ತೆ. ಟೇಬಲ್ ನಿಮಿಷಕ್ಕೆ 3000 ಮಿಲಿಮೀಟರ್ ಓಡಬೇಕು ಅಂದ್ರೆ ಮೋಟಾರ್ 600 ಆರ್‌ಪಿಎಂ. ಸೆಕೆಂಡಿಗೆ 10 ಸುತ್ತು, ಅಂದ್ರೆ 2000 ಹೆಜ್ಜೆ. ಒಂದು ಹೆಜ್ಜೆಗೆ ಸಿಗೋ ಸಮಯ 0.5 ಮಿಲಿಸೆಕೆಂಡ್. ಕಾಯಿಲ್ ತುಂಬೋಕೆ ಬೇಕಾದ ಸಮಯ ಎಷ್ಟು? ಇಂಡಕ್ಟೆನ್ಸನ್ನ ಕರೆಂಟಿಂದ ಗುಣಿಸಿ ವೋಲ್ಟೇಜಿಂದ ಭಾಗಿಸಿ. 4 ಮಿಲಿಹೆನ್ರಿ, 6 ಆಂಪ್, 36 ವೋಲ್ಟ್: 0.67 ಮಿಲಿಸೆಕೆಂಡ್. ಸಿಗೋದು 0.5, ಬೇಕಿರೋದು 0.67. ಬಸ್ ಹೊರಟೋಯ್ತು! ಅದೇ 64 ವೋಲ್ಟ್ ಕೊಟ್ರೆ 0.375 ಮಿಲಿಸೆಕೆಂಡ್. ಎಲ್ಲರೂ ಹತ್ತಿ, ಜಾಗ ಹಿಡಿದು ಕೂತಾಯ್ತು. ನಿಜದಲ್ಲಿ ಮೋಟಾರ್ ತಿರುಗುವಾಗ ತಾನೇ ಎದುರು ವೋಲ್ಟೇಜ್ ಹುಟ್ಟಿಸುತ್ತೆ, ಹಾಗಾಗಿ ಪರಿಸ್ಥಿತಿ ಈ ಲೆಕ್ಕಕ್ಕಿಂತ ಇನ್ನೂ ಬಿಗಿ. ಆದ್ರೆ ತಪ್ಪು ಎಲ್ಲಿದೆ ಅಂತ ತಿಳಿಯೋಕೆ ಇಷ್ಟು ಸಾಕು.

64 ಅನ್ನೋ ನಂಬರ್ ಎಲ್ಲಿಂದ ಬಂತು? ಅಮೆರಿಕದ ಗೆಕ್ಕೋಡ್ರೈವ್ ಅನ್ನೋ ಡ್ರೈವ್ ಕಂಪನಿ ಜನಪ್ರಿಯ ಮಾಡಿದ ಒಂದು ಸೂತ್ರ ಇದೆ. ಮಿಲಿಹೆನ್ರಿಯ ವರ್ಗಮೂಲ ತಗೊಳ್ಳಿ, 32ರಿಂದ ಗುಣಿಸಿ. ಅದು ಆ ಮೋಟಾರ್‌ಗೆ ಕೊಡಬಹುದಾದ ಮೇಲಿನ ಮಿತಿಯ ವೋಲ್ಟೇಜ್. 4ರ ವರ್ಗಮೂಲ 2, ಇಂಟು 32, 64. ಇದಕ್ಕಿಂತ ಮೇಲೆ ಹೋದ್ರೆ ಮೋಟಾರ್ ಸುಮ್ಮನೆ ಬಿಸಿ ಆಗುತ್ತೆ, ಲಾಭ ಇಲ್ಲ. ತುಂಬಾ ಕೆಳಗೆ ಇದ್ರೆ ಸ್ಪೀಡ್ ಸಿಗಲ್ಲ.

ಇಲ್ಲಿ ಚಿಕ್ಕಪ್ಪ ಒಂದು ಒಳ್ಳೇ ಪ್ರಶ್ನೆ ಕೇಳಿದ್ರು. "ಮೋಟಾರ್ ಡೇಟಾಶೀಟ್‌ನಲ್ಲಿ 3 ವೋಲ್ಟ್ ಅಂತ ಇದೆಯಲ್ಲೋ. 64 ಕೊಟ್ರೆ ಸುಟ್ಟೋಗಲ್ವಾ?" ಸುಡಲ್ಲ. ಆ 3 ವೋಲ್ಟ್ ಅನ್ನೋದು ಕಾಯಿಲ್‌ನ ರೆಸಿಸ್ಟೆನ್ಸ್ ಮತ್ತು ಕರೆಂಟ್‌ನ ಗುಣಾಕಾರ ಮಾತ್ರ. ಈಗಿನ ಡ್ರೈವ್‌ಗಳು ಬಸ್ ಕಂಡಕ್ಟರ್ ಥರ. ಬಾಗಿಲು ಎಷ್ಟೇ ಅಗಲ ಇರಲಿ, ನಿಗದಿ ಆದಷ್ಟು ಜನ ಹತ್ತಿದ ತಕ್ಷಣ "ರೈಟ್" ಅಂತ ಬಾಗಿಲು ಹಾಕ್ತಾನೆ. ಸೆಕೆಂಡಿಗೆ ಸಾವಿರಾರು ಸಲ ಕರೆಂಟನ್ನ ಕತ್ತರಿಸಿ ಕತ್ತರಿಸಿ ಮಿತಿಯಲ್ಲಿ ಇಡುತ್ತೆ. ಆ ಮಿತಿ ಎಷ್ಟು ಅಂತ ಹೇಳೋದು ಡ್ರೈವ್ ಪಕ್ಕದಲ್ಲಿರೋ ಚಿಕ್ಕ ಚಿಕ್ಕ ಡಿಪ್ ಸ್ವಿಚ್‌ಗಳು.

ಆ ಡಿಪ್ ಸ್ವಿಚ್ ಟೇಬಲ್‌ನಲ್ಲಿ ಎರಡು ಕಾಲಂ ಇರುತ್ತೆ: ಪೀಕ್ ಮತ್ತು ಆರ್‌ಎಂಎಸ್. ಡ್ರೈವ್ ಮೇಲೆ ದೊಡ್ಡದಾಗಿ ಪ್ರಿಂಟ್ ಮಾಡೋದು ಪೀಕ್. ಅದನ್ನ 1.4ರಿಂದ ಭಾಗಿಸಿದ್ರೆ ಆರ್‌ಎಂಎಸ್. ಚಿಕ್ಕಪ್ಪನ 5.6 ಆಂಪ್ ಡ್ರೈವ್‌ನ ಆರ್‌ಎಂಎಸ್ 4 ಆಂಪ್ ಮಾತ್ರ. ಮೋಟಾರ್ ಕೇಳ್ತಾ ಇರೋದು 6. ಅಂದ್ರೆ ವೋಲ್ಟೇಜೂ ಕಮ್ಮಿ, ಕರೆಂಟೂ ಕಮ್ಮಿ. ದೊಡ್ಡ ಮೋಟಾರ್‌ಗೆ ದುಡ್ಡು ಕೊಟ್ಟು ಚಿಕ್ಕ ಮೋಟಾರ್‌ನ ಕೆಲಸ ಮಾಡಿಸ್ತಾ ಇದ್ವಿ.

ಹಾಗಾದ್ರೆ ಯಾವ ಡ್ರೈವ್? ಎಸ್‌ಪಿ ರೋಡ್‌ನಲ್ಲಿ ಕೇಳಿದ್ರೂ ಆನ್‌ಲೈನ್‌ನಲ್ಲಿ ಹುಡುಕಿದ್ರೂ ಸಾಮಾನ್ಯವಾಗಿ ಮೂರು ದರ್ಜೆ ಸಿಗುತ್ತೆ.

ಮೊದಲನೇದು ಟಿಬಿ 6600. ಅಗ್ಗ. ಮೇಲೆ 42 ವೋಲ್ಟ್, 4 ಆಂಪ್ ಅಂತ ಬರೆದಿರುತ್ತೆ. ಆ ಹೆಸರಲ್ಲಿ ಮಾರೋ ಕೆಲವು ಡಬ್ಬಿಗಳ ಒಳಗೆ ಬೇರೇ ಚಿಪ್ ಇರೋದೂ ಉಂಟು. 36 ವೋಲ್ಟ್ ಒಳಗೆ, 3 ಆಂಪ್ ಆಸುಪಾಸಲ್ಲಿ ಇಟ್ಕೊಳ್ಳಿ. ಮರದ ಕೆತ್ತನೆ ರೌಟರ್, ಪೆನ್ ಪ್ಲಾಟರ್, ಕಾಲೇಜ್ ಪ್ರಾಜೆಕ್ಟ್‌ಗೆ ಓಕೆ. ಮಿಲ್ಲಿಂಗ್ ಮೆಷಿನ್‌ಗೆ ಬೇಡ.

ಎರಡನೇದು ಡಿಎಂ 542 ಥರದ ಡಿಜಿಟಲ್ ಡ್ರೈವ್. 20ರಿಂದ 50 ವೋಲ್ಟ್, ಪೀಕ್ 4.2 ಆಂಪ್. ನೆಮಾ 23 ಮೋಟಾರ್‌ಗೆ, ಚಿಕ್ಕ ಬೆಂಚ್ ಮಿಲ್‌ಗೆ ಒಳ್ಳೇ ಜೋಡಿ. ಮಧ್ಯದ ಸ್ಪೀಡ್‌ನಲ್ಲಿ ಮೋಟಾರ್ ಗುಂಯ್ ಅಂತ ನಡುಗಿ ಹೆಜ್ಜೆ ಬಿಡೋ ಕಾಯಿಲೆಯನ್ನ ಇವು ಅಗ್ಗದ ಡ್ರೈವ್‌ಗಿಂತ ಚೆನ್ನಾಗಿ ತಡ್ಕೊಳ್ಳುತ್ತೆ.

ಮೂರನೇದು 860 ಅನ್ನೋ ಸಂಖ್ಯೆ ಇರೋ ದೊಡ್ಡ ಡ್ರೈವ್‌ಗಳು. 7 ಆಂಪ್ ಪೀಕ್ ತನಕ, 80 ವೋಲ್ಟ್ ತನಕ. ನೆಮಾ 34ಕ್ಕೆ ಇದೇ ಬೇಕು. ಆದ್ರೆ ಇಲ್ಲೊಂದು ಗುಂಡಿ ಇದೆ, ನೋಡ್ಕೊಂಡು ನಡೀರಿ. ಇವುಗಳಲ್ಲಿ ಕೆಲವು ಡಿಸಿ 80 ವೋಲ್ಟ್, ಇನ್ನು ಕೆಲವು ಎಸಿ 80 ವೋಲ್ಟ್. ಹೊರಗಿಂದ ನೋಡೋಕೆ ಎರಡೂ ಒಂದೇ ಥರ. ಎಸಿಯನ್ನ ಡಿಸಿ ಮಾಡಿದಾಗ ವೋಲ್ಟೇಜ್ 1.41 ಪಟ್ಟು ಆಗುತ್ತೆ. 70 ವೋಲ್ಟ್ ಎಸಿ ಅಂದ್ರೆ ಸುಮಾರು 99 ವೋಲ್ಟ್ ಡಿಸಿ. ಡಿಸಿ 80ರ ಡ್ರೈವ್‌ಗೆ 99 ಹೋದ್ರೆ ಹೊಗೆ ಬರುತ್ತೆ, ವಾರಂಟಿ ಬರಲ್ಲ. ಲೇಬಲ್‌ನಲ್ಲಿ ಎಸಿ, ಡಿಸಿ ಅನ್ನೋ ಎರಡಕ್ಷರ ಓದದೇ ವೈರ್ ಜೋಡಿಸಬೇಡಿ.

ಈಗ ಪವರ್ ಸಪ್ಲೈ. ಎಷ್ಟು ಆಂಪ್ ಬೇಕು? ಮೂರು ಮೋಟಾರ್, ತಲಾ 6, ಒಟ್ಟು 18 ಅಂತ ಲೆಕ್ಕ ಹಾಕಿ ದೊಡ್ಡದು ತರೋ ಅಗತ್ಯ ಇಲ್ಲ. ಕತ್ತರಿಸಿ ಕೊಡೋ ಡ್ರೈವ್ ಮೋಟಾರ್‌ಗೆ ಕೊಡೋದಕ್ಕಿಂತ ಕಮ್ಮಿ ಕರೆಂಟನ್ನೇ ಸಪ್ಲೈಯಿಂದ ಎಳ್ಕೊಳ್ಳುತ್ತೆ. ಒಟ್ಟಿನ ಮೂರನೇ ಎರಡು ಭಾಗ ಸಾಕು. 18ಕ್ಕೆ 12 ಆಂಪ್.

ಎರಡು ದಾರಿ ಇದೆ. ಒಂದು ರೆಡಿಮೇಡ್ ಎಸ್‌ಎಂಪಿಎಸ್. ಹಗುರ, ಚಿಕ್ಕದು, ಲೈನ್ ವೋಲ್ಟೇಜ್ ಏರಿಳಿದ್ರೂ ಔಟ್‌ಪುಟ್ ಸ್ಥಿರ. ಇನ್ನೊಂದು ಹಳೇ ಕಾಲದ್ದು: ಟ್ರಾನ್ಸ್‌ಫಾರ್ಮರ್, ಬ್ರಿಡ್ಜ್ ರೆಕ್ಟಿಫೈಯರ್, ದೊಡ್ಡ ಕೆಪಾಸಿಟರ್. ಹಳೇದನ್ನ ಇವತ್ತಿಗೂ ಯಾಕೆ ಬಳಸ್ತಾರೆ? ಕಾರಣ ಇದೆ. ಓಡ್ತಾ ಇರೋ ಭಾರದ ಟೇಬಲ್ಲನ್ನ ಗಕ್ಕಂತ ನಿಲ್ಲಿಸಿದಾಗ ಮೋಟಾರ್ ಜನರೇಟರ್ ಆಗುತ್ತೆ. ಆ ಶಕ್ತಿ ತಿರುಗಿ ಸಪ್ಲೈಗೆ ನುಗ್ಗುತ್ತೆ, ವೋಲ್ಟೇಜ್ ಏರುತ್ತೆ. ದೊಡ್ಡ ಕೆಪಾಸಿಟರ್ ಇದ್ರೆ ಅದನ್ನ ನುಂಗ್ಕೊಳ್ಳುತ್ತೆ. ಎಸ್‌ಎಂಪಿಎಸ್ ಕೆಲವು ಸಲ "ವೋಲ್ಟೇಜ್ ಜಾಸ್ತಿ ಆಯ್ತು" ಅಂತ ತನ್ನನ್ನೇ ಆಫ್ ಮಾಡ್ಕೊಳ್ಳುತ್ತೆ. ಜಾಬ್ ಅರ್ಧದಲ್ಲಿ ನಿಂತಿರುತ್ತೆ, ನೀವು ಕಂಪ್ಯೂಟರನ್ನ ಬೈತಾ ಇರ್ತೀರಿ.

ಅದಕ್ಕೇ ಡ್ರೈವ್‌ನ ಮಿತಿಗೆ ತಾಗಿಸಿ ಸಪ್ಲೈ ಇಡಬಾರದು. ಕನಿಷ್ಠ ಹತ್ತು ಪರ್ಸೆಂಟ್ ಜಾಗ ಬಿಡಿ. ಡಿಎಂ 542ಕ್ಕೆ 48 ವೋಲ್ಟ್ ಎಸ್‌ಎಂಪಿಎಸ್ ತಂದಿದ್ರೆ, ಅದರ ಟರ್ಮಿನಲ್ ಪಕ್ಕದಲ್ಲಿ ವೋಲ್ಟೇಜ್ ಅಡ್ಜಸ್ಟ್ ಮಾಡೋ ಪುಟ್ಟ ಸ್ಕ್ರೂ ಇರುತ್ತೆ. ಮಲ್ಟಿಮೀಟರ್ ಇಟ್ಟು 44, 45ಕ್ಕೆ ಇಳಿಸಿ.

ನಾವು ಟ್ರಾನ್ಸ್‌ಫಾರ್ಮರ್ ದಾರಿ ಹಿಡಿದ್ವಿ. 45 ವೋಲ್ಟ್ ಎಸಿ, 1.41ರಿಂದ ಗುಣಿಸಿದ್ರೆ 63 ಚಿಲ್ಲರೆ, ರೆಕ್ಟಿಫೈಯರ್‌ನಲ್ಲಿ ಒಂದೆರಡು ವೋಲ್ಟ್ ಹೋದ್ರೆ 62. ಯಾಕೆ 50 ತಗೊಳ್ಳಲಿಲ್ಲ? ಮೊದಲನೇದಾಗಿ ಅದು 70 ಆಗುತ್ತೆ, ಮೋಟಾರ್‌ನ 64 ದಾಟುತ್ತೆ. ಎರಡನೇದಾಗಿ ಟ್ರಾನ್ಸ್‌ಫಾರ್ಮರ್ ತಾನಾಗಿ ಏನನ್ನೂ ತಡೆಯಲ್ಲ. ರಾತ್ರಿ ಅಕ್ಕಪಕ್ಕದ ಶೆಡ್‌ಗಳ ಮೆಷಿನ್‌ಗಳು ನಿಂತಾಗ ಲೈನ್ 230 ಇದ್ದಿದ್ದು 250 ಆಯ್ತು ಅಂದ್ಕೊಳ್ಳಿ, ನಮ್ಮ 70 ಹೋಗಿ 76 ಆಗುತ್ತೆ. ಮೇಲೆ ಬ್ರೇಕ್ ಹಾಕಿದಾಗ ಬರೋ ಶಕ್ತಿ ಸೇರಿದ್ರೆ 80ರ ಡ್ರೈವ್ ಕಥೆ ಮುಗೀತು.

ಕೆಪಾಸಿಟರ್‌ಗೂ ಒಂದು ಸೂತ್ರ ಇದೆ: 80,000ವನ್ನ ಆಂಪಿಂದ ಗುಣಿಸಿ ವೋಲ್ಟಿಂದ ಭಾಗಿಸಿ. 80,000 ಇಂಟು 12, ಭಾಗಿಸು 64, ಬಂದಿದ್ದು 15,000 ಮೈಕ್ರೋಫ್ಯಾರಡ್. ಅಮೆರಿಕದಲ್ಲಿ ಲೈನ್ 60 ಹರ್ಟ್ಸ್, ನಮ್ಮಲ್ಲಿ 50. ನಮ್ಮಲ್ಲಿ ಎರಡು ಅಲೆಗಳ ನಡುವಿನ ಸಮಯ ಸ್ವಲ್ಪ ಜಾಸ್ತಿ. ಹಾಗಾಗಿ ನಾವು 22,000 ಹಾಕಿದ್ವಿ. ಕೆಪಾಸಿಟರ್‌ನ ವೋಲ್ಟೇಜ್ ರೇಟಿಂಗ್ 100.

ಇಲ್ಲಿ ತಮಾಷೆ ಬೇಡ, ಗಂಭೀರವಾಗಿ ಕೇಳಿ. ಇಷ್ಟು ದೊಡ್ಡ ಕೆಪಾಸಿಟರ್ ಸ್ವಿಚ್ ಆಫ್ ಮಾಡಿದ ಮೇಲೂ ಚಾರ್ಜ್ ಇಟ್ಕೊಂಡಿರುತ್ತೆ. ಸ್ಪ್ಯಾನರ್ ಅಡ್ಡ ಬಿದ್ರೆ ಬೆಂಕಿ ಕಿಡಿ. ಎರಡು ತುದಿಗೆ ಅಡ್ಡಲಾಗಿ ಒಂದು ಬ್ಲೀಡರ್ ರೆಸಿಸ್ಟರ್ ಹಾಕಿ, 2.2 ಕಿಲೋ ಓಮ್, 5 ವಾಟ್ ಸಾಕು. ಹಾಕಿದ ಮೇಲೂ ಒಂದೆರಡು ನಿಮಿಷ ಕಾದು, ಮೀಟರ್ ಇಟ್ಟು ನೋಡಿ, ಆಮೇಲೆ ಕೈ ಹಾಕಿ. 230 ವೋಲ್ಟ್ ಕಡೆಯ ಕೆಲಸ, ಫ್ಯೂಸು, ಅರ್ಥಿಂಗು ಗೊತ್ತಿರೋ ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿ. ಪವರ್ ಆನ್ ಇರೋವಾಗ ಮೋಟಾರ್ ವೈರ್ ಯಾವತ್ತೂ ಕೀಳಬೇಡಿ. ಆ ಒಂದು ಕಿಡಿ ಸಾಕು ಡ್ರೈವ್ ಸಾಯೋಕೆ.

ಮೈಕ್ರೋಸ್ಟೆಪ್ ಬಗ್ಗೆ ಎರಡೇ ಮಾತು. ಸುತ್ತಿಗೆ 1600 ಪಲ್ಸ್ ಇಟ್ರೆ 5 ಮಿಲಿಮೀಟರ್ ಸ್ಕ್ರೂನಲ್ಲಿ ಒಂದು ಪಲ್ಸ್‌ಗೆ 0.003 ಮಿಲಿಮೀಟರ್. ಸಾಕಷ್ಟಾಯ್ತು. 25,600 ಇಟ್ರೆ ನಿಖರತೆ ಜಾಸ್ತಿ ಆಗಲ್ಲ, ಕಂಟ್ರೋಲರ್‌ಗೆ ಅಷ್ಟು ಪಲ್ಸ್ ಕಳಿಸೋಕಾಗದೇ ಸ್ಪೀಡ್ ಬೀಳುತ್ತೆ ಅಷ್ಟೇ.

ಕೆಲವರು ಕೇಳಬಹುದು, "ಬ್ರೋ, ಕ್ಲೋಸ್ಡ್ ಲೂಪ್ ಸ್ಟೆಪ್ಪರ್ ಹಾಕಿದ್ರೆ ಈ ತಲೆನೋವೇ ಇಲ್ವಲ್ಲ?" ಅದರಲ್ಲಿ ಮೋಟಾರ್ ಹಿಂದೆ ಎನ್‌ಕೋಡರ್ ಇರುತ್ತೆ, ಹೆಜ್ಜೆ ತಪ್ಪಿದ್ರೆ ಡ್ರೈವ್‌ಗೆ ಗೊತ್ತಾಗುತ್ತೆ. ಸರಿಪಡಿಸೋಕೆ ನೋಡುತ್ತೆ, ಆಗದಿದ್ರೆ ಅಲಾರಂ ಕೊಟ್ಟು ನಿಲ್ಲುತ್ತೆ. ಬಜೆಟ್ ಇದ್ರೆ ಖಂಡಿತಾ ಹಾಕಿ. ಆದ್ರೆ ಆ ಅಲಾರಂ ವೈರನ್ನ ಕಂಟ್ರೋಲರ್‌ಗೆ ಜೋಡಿಸಲೇಬೇಕು. ಇಲ್ಲದಿದ್ರೆ ಒಂದು ಆಕ್ಸಿಸ್ ನಿಂತಿರುತ್ತೆ, ಉಳಿದೆರಡು ಪೀಸನ್ನ ಕೆಡಿಸ್ತಾ ಇರುತ್ತೆ. ಇನ್ನೊಂದು ವಿಷಯ, ಕಮ್ಮಿ ವೋಲ್ಟೇಜಿನ ಸಪ್ಲೈಗೆ ಎನ್‌ಕೋಡರ್ ಮದ್ದಲ್ಲ. ಬಸ್ ಖಾಲಿ ಹೋಗಿದೆ ಅಂತ ಅದು ಹೇಳುತ್ತೆ, ಬಾಗಿಲು ಅಗಲ ಮಾಡಲ್ಲ.

ಚಿಕ್ಕಪ್ಪನ ಮೆಷಿನ್ ಈಗ ಹೊಸ ಡ್ರೈವ್, ಹೊಸ ಸಪ್ಲೈ ಜೊತೆ ಓಡ್ತಾ ಇದೆ. ಮೋಟಾರ್ ಅದೇ, ಸ್ಕ್ರೂ ಅದೇ. ಪೀಸ್ ಹಾಕೋ ಮೊದಲು ಡಯಲ್ ಗೇಜ್ ಇಟ್ಟು, ಪೂರ್ತಿ ಸ್ಪೀಡ್‌ನಲ್ಲಿ ಟೇಬಲ್ಲನ್ನ ನೂರು ಸಲ ಹಿಂದೆ ಮುಂದೆ ಓಡಿಸಿ ಸೊನ್ನೆಗೆ ತಿರುಗಿ ತಂದ್ವಿ. ಮುಳ್ಳು ಸೊನ್ನೆಗೇ ಬಂದು ನಿಲ್ತು. ಈ ಟೆಸ್ಟನ್ನ ಆಯುಧಪೂಜೆ ದಿನವೇ ಮಾಡಿದ್ರೆ ಹನ್ನೊಂದು ಪ್ಲೇಟ್ ಉಳೀತಿತ್ತು, ಖರ್ಚಿಲ್ಲದ ಟೆಸ್ಟ್ ಅದು. ಆ ಪ್ಲೇಟ್‌ಗಳ ಕಸ್ಟಮರ್ ಮಾತ್ರ ಇನ್ನೂ ವಾಪಸ್ ಬಂದಿಲ್ಲ. ನನ್ನ ಲೆಕ್ಕದ ಪುಸ್ತಕದಲ್ಲಿ ಡ್ರೈವ್, ಟ್ರಾನ್ಸ್‌ಫಾರ್ಮರ್ ಖರ್ಚಿಗೆ ಕಾಲಂ ಇದೆ. ಇದಕ್ಕೆ ಯಾವ ಕಾಲಂನಲ್ಲಿ ಬರೆಯೋದು ಅಂತ ಗೊತ್ತಾಗಲಿಲ್ಲ.

ನಾವು ಮಾಡಿದ ತಪ್ಪು ಇಷ್ಟೇ. ಅಗ್ಗಕ್ಕೆ ಸಿಕ್ಕ ಸಪ್ಲೈ ಮೊದಲು ಬಂತು, ಅದಕ್ಕೆ ಹೊಂದೋ ಡ್ರೈವ್ ಆಮೇಲೆ ಬಂತು, ಮೋಟಾರ್ ಡೇಟಾಶೀಟ್ ಯಾರೂ ಓದಲೇ ಇಲ್ಲ. ನೀವು ಉಲ್ಟಾ ಮಾಡಿ. ಮೊದಲು ಎಷ್ಟು ಸ್ಪೀಡ್ ಬೇಕು ಅಂತ ಬರೀರಿ. ಆಮೇಲೆ ಮೋಟಾರ್‌ನ ಆಂಪ್, ಮಿಲಿಹೆನ್ರಿ ನೋಡಿ. ಅದರಿಂದ ವೋಲ್ಟೇಜ್, ವೋಲ್ಟೇಜಿಂದ ಡ್ರೈವ್, ಕಡೆಗೆ ಸಪ್ಲೈ. ಮಿಲಿಹೆನ್ರಿ ಹೇಳೋಕಾಗದ ಅಂಗಡಿಯಲ್ಲಿ ಮೋಟಾರ್ ತಗೊಳ್ಳಬೇಡಿ. ಮೋಟಾರ್ ಆರಿಸೋಕೆ ಸಾಧ್ಯ ಇದ್ರೆ, ಒಂದೇ ಟಾರ್ಕ್‌ನ ಎರಡರಲ್ಲಿ ಮಿಲಿಹೆನ್ರಿ ಕಮ್ಮಿ ಇರೋದನ್ನ ತಗೊಳ್ಳಿ.

ನಿಮ್ಮ ಶೆಡ್‌ನಲ್ಲಿ, ಕಾಲೇಜ್ ಪ್ರಾಜೆಕ್ಟ್‌ನಲ್ಲಿ ಹೆಜ್ಜೆ ತಪ್ಪೋ ಮೋಟಾರ್ ಇದ್ರೆ ಲೇಬಲ್ ಫೋಟೋ ತೆಗೆದು ಕಳಿಸಿ, ಕೂತು ಲೆಕ್ಕ ಹಾಕೋಣ. ಮುಂದಿನ ಸಂಚಿಕೆಯಲ್ಲಿ ಅರ್ಥಿಂಗ್ ಬಗ್ಗೆ ಮಾತಾಡ್ತೀನಿ. ಅದರಲ್ಲೂ ಚಿಕ್ಕಪ್ಪನ ಒಂದು ಕಥೆ ಇದೆ.